ಮಂಗಳೂರಿನ ಸೆಕೆ

ಬಿಸಿಲು ಬೇರೆ, ಸೆಕೆ ಬೇರೆ. ಈ ಭೇದವು ಕರಾವಳಿಯವರಾದ ನಮಗೆ ಶರೀರಾನುಭವದಿಂದಲೇ ಸಿದ್ಧವಾದುದು. ಬಿಸಿಲಿನ ತಾಪವು ನೆರಳಿಗೆ ಸರಿದರೆ ಕಡಮೆಯಾಗುತ್ತದೆ. ಸೆಕೆಯಾದರೋ ನೆರಳಿನಲ್ಲಿಯೂ ರಾತ್ರಿಯಲ್ಲಿಯೂ ಬೆನ್ನು ಬಿಡದು. ಬೆವರು ಆರಿದರಲ್ಲವೆ ಮೈ ತಣಿಯುವುದು? ಕಡಲ ತೇವವನ್ನು ಹೊತ್ತ ಗಾಳಿಯಲ್ಲಿ ಅದು ಬೇಗ ಆರದು. ಬಿಸಿಗಾಳಿಯನ್ನು ನಿರ್ಣಯಿಸುವುದಕ್ಕೆ ಹವಾಮಾನ ಇಲಾಖೆಯವರು ಬಯಲುಸೀಮೆಗೆ 40 ಡಿಗ್ರಿ ಸೆಲ್ಸಿಯಸ್ ಎಂದೂ, ಕರಾವಳಿಗೆ 37 ಡಿಗ್ರಿ ಎಂದೂ ಕನಿಷ್ಠ ಮಿತಿಯನ್ನು ಇಟ್ಟಿರುತ್ತಾರೆ.

ನಮ್ಮ ಹಿರಿಯರು ಸೆಕೆಯ ಸ್ವಭಾವವನ್ನು ಅರಿತೇ ಮನೆ ಕಟ್ಟಿದರು. ಮುರಕಲ್ಲಿನ ಗೋಡೆ, ಇಳಿಜಾರಾದ ಮಾಡು, ಅದರ ಕೆಳಗೆ ಅಟ್ಟ, ಮುಂದೆ ಜಗಲಿ, ಅಂಗಳದ ಬದಿಗೊಂದು ಬಾವಿ. ಹಂಚುಗಳ ಸಂದಿನಿಂದ ಒಳಗಣ ಬಿಸಿಗಾಳಿ ಹೊರಗೆ ಹೋಗುತ್ತಿತ್ತು. ಬಾಸೆಲ್ ಮಿಶನ್ನಿನವರು 19ನೆಯ ಶತಮಾನದಲ್ಲಿ ಇಲ್ಲಿ ಆರಂಭಿಸಿದ ಹಂಚಿನ ಉದ್ಯಮವು ಹಡಗೇರಿ ದೂರದೇಶಗಳಿಗೂ ಹೋಯಿತು. ಅನ್ಯರ ಮನೆಗೆ ಮಾಡು ಹೊದಿಸಿದ ಊರು ಈಗ ತನ್ನ ತಲೆಯ ಹಂಚನ್ನು ಇಳಿಸುತ್ತಿದೆ. ಅದರ ಸ್ಥಾನಕ್ಕೆ ಬಂದ ಕಾಂಕ್ರೀಟು ಹಗಲೆಲ್ಲ ತಾಪವನ್ನು ಹೀರಿ, ರಾತ್ರಿ ಅದನ್ನು ನಮಗೇ ಹಿಂತಿರುಗಿಸುತ್ತದೆ.

ಇಲ್ಲಿ ಪೂರ್ವಪಕ್ಷವೊಂದುಂಟು. 1974ರಲ್ಲಿ ಪಣಂಬೂರಿನ ಹೊಸ ಬಂದರು ಪ್ರಧಾನ ಬಂದರೆನಿಸಿತು. ಉದ್ಯೋಗ ಬಂದಿತು, ವಿದ್ಯಾಲಯಗಳು ಹೆಚ್ಚಿದವು, ಜನ ಸೇರಿದರು. ಅವರೆಲ್ಲರಿಗೂ ಅಂಗಳವಿರುವ ಮನೆ ಎಲ್ಲಿಂದ? ಹಂಚಿನ ಮಾಡಿಗೆ ವರ್ಷವರ್ಷವೂ ದುರಸ್ತಿಯ ಶ್ರಮ ಬೇರೆ. ಈ ವಾದವನ್ನು ನಾನು ತಳ್ಳಿಹಾಕಲಾರೆ. ಊರು ಬೆಳೆಯಲೇಬೇಕು. ಆದರೆ ಉಳ್ಳವನ ಏಸಿ ಯಂತ್ರವು ಕೋಣೆಯ ಬಿಸಿಯನ್ನು ಬೀದಿಗೆ ಚೆಲ್ಲುತ್ತದೆ. ಹಳೆಯ ಬಂದರಿನಲ್ಲಿ ಮೂಟೆ ಹೊರುವವನು ಆ ಬೀದಿಯಲ್ಲಿಯೇ ನಡೆಯಬೇಕು. ಬೆಳವಣಿಗೆಯ ಲೆಕ್ಕದಲ್ಲಿ ಅವನ ಬೆವರೂ ಸೇರಬೇಡವೆ?

ನೀರಿನ ವಿಚಾರವೂ ಇದರಿಂದ ಭಿನ್ನವಲ್ಲ. ಮಳೆನೀರು ನಿಂತು ಇಂಗುತ್ತಿದ್ದ ತಗ್ಗಿನ ಗದ್ದೆಗಳಿಗೆ ಮಣ್ಣು ಬಿದ್ದಿತು. 2018ರ ಮೇ 29ರಂದು ಒಂದು ದಿನದ ಮಳೆಗೆ ನಗರದ ಬೀದಿಗಳು ಹೊಳೆಗಳಾದವು. ಮರುವರ್ಷದ ಬೇಸಗೆಯಲ್ಲಿ ತುಂಬೆಯ ಅಣೆಕಟ್ಟಿನ ನೀರು ಇಳಿದು, ನಲ್ಲಿಯ ನೀರನ್ನು ಸರದಿಯಿಂದ ಬಿಡಬೇಕಾಯಿತು. ಮುಳುಗಿದ್ದೂ ಬಾಯಾರಿದ್ದೂ ಒಂದೇ ಊರು.

ನಮ್ಮ ಶಾಸ್ತ್ರಗಳಲ್ಲಿ ಬಾವಿ ಕೆರೆಗಳನ್ನು ತೋಡಿಸುವ ಪುಣ್ಯಕರ್ಮಕ್ಕೆ ‘ಪೂರ್ತ’ವೆಂದು ಹೆಸರು. ಈ ಶಬ್ದವು ‘ತುಂಬು’ ಎಂಬ ಅರ್ಥದ ಧಾತುವಿನಿಂದ ಹುಟ್ಟಿದುದು. ಈಗಲೂ ಬಾವಿಗಳನ್ನು ತುಂಬುತ್ತೇವೆ, ಆದರೆ ಮಣ್ಣಿನಿಂದ! ನಮ್ಮ ಮನೆಯ ಬಾವಿಯನ್ನೂ ಮುಚ್ಚಿ ಕಾರು ನಿಲ್ಲಿಸಲು ಸ್ಥಳ ಮಾಡಬೇಕೆಂದು ಮಕ್ಕಳ ಒತ್ತಾಯ. ಅವರಿಗೆ ತೊಂದರೆಯಿರುವುದು ನಿಜ, ಬೀದಿಯಲ್ಲಿ ಸ್ಥಳವಿಲ್ಲ. ಆದರೂ 2019ರ ಆ ಬೇಸಗೆಯಲ್ಲಿ ನೆರೆಯ ಮಹಡಿಮನೆಗಳವರು ಕೊಡ ಹಿಡಿದು ಬಂದುದು ಆ ಬಾವಿಯ ಕಟ್ಟೆಗೇ. ಮನೆಯ ಪತ್ರವನ್ನು ಮಕ್ಕಳ ಹೆಸರಿಗೆ ಮಾಡುವ ಕಾಲ ಸಮೀಪಿಸಿದೆ. ಬಾವಿಯನ್ನು ಮುಚ್ಚಕೂಡದೆಂಬ ಒಂದು ವಾಕ್ಯವನ್ನು ಅದರಲ್ಲಿ ಸೇರಿಸಬೇಕೆಂದಿದ್ದೇನೆ. ಅವರು ಇನ್ನೂ ಒಪ್ಪಿಲ್ಲ, ನಾನೂ ಬಿಟ್ಟಿಲ್ಲ.