ಆಪಾ ಓದಿದ ಪುಸ್ತಕ

ಗಿರೀಶ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ವನ್ನು ನಾನು ಓದಿಲ್ಲ, ಕೇಳಿದ್ದೇನೆ. ಧಾರವಾಡದಲ್ಲಿ ಬಿ.ಎ. ಓದುವ ನಮ್ಮ ಖಾಲಾನ ಮಗಳು ಆ ಪುಸ್ತಕ ತೋರಿಸಿದಾಗ, “ಇಷ್ಟು ದಪ್ಪ ಪುಸ್ತಕ ನನ್ನಿಂದ ಆಗೂದಿಲ್ಲ ಆಪಾ” ಅಂದಿದ್ದೆ. ಆಕೆ ದಿನಾ ರಾತ್ರಿ ಹತ್ತು ನಿಮಿಷ ಓದಿ ಮೊಬೈಲಿಗೆ ಕಳಿಸತೊಡಗಿದಳು. ನಾನು ಬೆಳಿಗ್ಗೆ ನವಲಗುಂದದ ಬಸ್ಸಿನಲ್ಲಿ ಕೇಳುತ್ತಿದ್ದೆ. ಹಿಂದೆ ಫ್ಯಾನಿನ ಸಪ್ಪಳ, ಹಾಸ್ಟೆಲ್ ಹುಡುಗಿಯರ ಗದ್ದಲ. ನಗು ಬರುವ ಕಡೆ ಆಪಾನೇ ಮೊದಲು ನಕ್ಕುಬಿಡುತ್ತಾಳೆ. ಒಂದರಲ್ಲಂತೂ ಕೊನೆಗೆ ಬರೀ ನಗುವೇ ಇದೆ. ಅದನ್ನು ಅಳಿಸಿಲ್ಲ.

ಕಾರ್ನಾಡರು ‘ಕಾಡು’, ‘ಒಂದಾನೊಂದು ಕಾಲದಲ್ಲಿ’ ಚಿತ್ರಗಳ ನಿರ್ದೇಶಕರು, ದೊಡ್ಡ ನಾಟಕಕಾರರು ಎಂದಷ್ಟೇ ಗೊತ್ತಿತ್ತು. ಅವರ ಮನೆಮಾತು ಕೊಂಕಣಿ ಎಂಬುದು ಗೊತ್ತಿರಲಿಲ್ಲ. ಇಂಗ್ಲಿಷ್ ಕವಿ ಆಗಬೇಕೆಂದುಕೊಂಡಿದ್ದವರು ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿಗೆ ನಾಟಕ ಬರೆದರೆ ಅದು ಕನ್ನಡದಲ್ಲಿ ಬಂತು. ಅದೇ ‘ಯಯಾತಿ’. 1961ರಲ್ಲಿ ಅದನ್ನು ಪ್ರಕಟಿಸಿದ್ದು ಧಾರವಾಡದ ಮನೋಹರ ಗ್ರಂಥಮಾಲೆ. 2011ರಲ್ಲಿ ಈ ಆತ್ಮಕಥೆಯನ್ನು ತಂದದ್ದೂ ಅದೇ.

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಮನೆಮಾತು ಉರ್ದು. ಕ್ಲಾಸಿನಲ್ಲಿ ಎದ್ದು ನಿಂತು ಓದಿದರೆ ನನ್ನ ಬಾಯಲ್ಲಿ ‘ಹಳ್ಳಿ’ ಹೋಗಿ ‘ಹಲ್ಲಿ’ ಆಗುತ್ತದೆ. ಎಲ್ಲರೂ ನಗುತ್ತಾರೆ. ಆಪಾ ಓದುವಾಗಲೂ ಒಮ್ಮೆ ಹಾಗೇ ಆಯಿತು. ತಾನೇ ನಕ್ಕು, ತಿದ್ದಿಕೊಳ್ಳದೆ ಮುಂದೆ ಓದಿದಳು.

ಒಂದು ಸಂಜೆ ಇಯರ್‌ಫೋನ್ ಕೆಟ್ಟಿತ್ತು. ಅಡುಗೆಮನೆಯಲ್ಲೇ ಜೋರಾಗಿ ಹಚ್ಚಿ, ಮೊದಲ ಭಾಗವನ್ನೇ ಮತ್ತೆ ಕೇಳುತ್ತಿದ್ದೆ. ಅಮ್ಮಿ ರೊಟ್ಟಿ ಬಡಿಯುತ್ತಿದ್ದರು. ಅವರು ಕಲಿತದ್ದು ಉರ್ದು ಶಾಲೆಯಲ್ಲಿ, ಕನ್ನಡ ಪುಸ್ತಕ ಓದುವುದಿಲ್ಲ. ಮಾತು ಮಾತ್ರ ಪೂರ್ತಿ ತಿಳಿಯುತ್ತದೆ. ಕಾರ್ನಾಡರಿಗೆ ಮೂವತ್ತೈದು ವರ್ಷವಾಗಿದ್ದಾಗ, ಊಟ ಮಾಡುತ್ತ ಅವರ ತಾಯಿ ಹೇಳಿದರಂತೆ: ನೀನು ಹೊಟ್ಟೆಯಲ್ಲಿದ್ದಾಗ ಬೇಡವೆಂದು ಪುಣೆಯ ಡಾಕ್ಟರ್ ಮಧುಮಾಲತಿ ಗುಣೆ ಅವರ ದವಾಖಾನೆಗೆ ಹೋಗಿದ್ದೆವು, ಒಂದು ತಾಸು ಕಾದರೂ ಡಾಕ್ಟರ್ ಬರಲಿಲ್ಲ, ತಿರುಗಿ ಬಂದೆವು. ಕಾರ್ನಾಡರು ಪುಸ್ತಕವನ್ನು ಆ ಡಾಕ್ಟರ ನೆನಪಿಗೇ ಅರ್ಪಿಸಿದ್ದಾರೆ!

“ತೋಬಾ ತೋಬಾ” ಅಂದರು ಅಮ್ಮಿ. ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕರು. ರೊಟ್ಟಿ ಹೊತ್ತಿತು. ಅದನ್ನು ತೆಗೆದಿಡುತ್ತ ಉರ್ದುವಿನಲ್ಲಿ ಅಂದರು: “ನನಗೂ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದೇ ಉಳಿದಿತ್ತು. ಜೂನ್‌ನಲ್ಲಿ ಮತ್ತೆ ಕಟ್ಟಿದ್ದೆ. ಪರೀಕ್ಷೆ ದಿನವೇ ನೀನು ಹುಟ್ಟಿದೆ.”

ಹದಿನೇಳು ವರ್ಷದಲ್ಲಿ ಈ ಮಾತು ನಮ್ಮ ಮನೆಯಲ್ಲಿ ಬಂದಿರಲಿಲ್ಲ. ಪ್ರತಿ ವರ್ಷ ಆ ದಿನ ನನಗೆ ಶೀರ್ ಖುರ್ಮಾ ಮಾಡಿಕೊಡುತ್ತಾರೆ. ಆಗೆಲ್ಲ ಅವರಿಗೆ ಆ ಪೇಪರ್ ನೆನಪಾಗುತ್ತಿತ್ತೋ ಏನೋ. ನನಗೆ ನಗು ಬರಲಿಲ್ಲ. “ಆಮೇಲೆ ಯಾಕೆ ಬರೆಯಲಿಲ್ಲ?” ಅಂದೆ.

“ನೀನು ಬಿಟ್ಟರೆ ತಾನೇ? ಇರಲಿ, ಬರೆದಿದ್ದರೂ ಫೇಲೇ ಆಗುತ್ತಿದ್ದೆ” ಅಂದರು.

ಈಗ ಆಪಾಗೆ ಸೆಮಿಸ್ಟರ್ ಪರೀಕ್ಷೆ, ಓದಿ ಕಳಿಸುವುದು ನಿಂತಿದೆ. ಮೊನ್ನೆ ಅಮ್ಮಿ ನನ್ನ ಮೊಬೈಲ್ ತೆಗೆದುಕೊಂಡು, ಜೀವನದಲ್ಲಿ ಮೊದಲ ಬಾರಿಗೆ ತಾವೇ ದನಿ ಕಳಿಸಿದರು: “ಬೇಟಿ, ಪರೀಕ್ಷೆ ಚೆನ್ನಾಗಿ ಬರೆ. ಮುಗಿದ ದಿನವೇ ಮುಂದಿನದು ಕಳಿಸು.”