ಹಬ್ಬದ ಜಿಡ್ಡು ಯಾರ ಪಾಲು?

ಈದುಲ್ ಅಝ್‌ಹಾದ ದಿನಗಳಲ್ಲಿ ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಕಬಾಬಿನ ಪರಿಮಳ ತುಂಬಿರುತ್ತದೆ. ಮೊದಲು ಇದ್ದಿಲಿನ ಒಲೆಯ ಮೇಲೆ ಸೀಖ್ ಸುಡುತ್ತಿದ್ದ ನಮ್ಮ ನಾಲ್ಕು ಮನೆಗಳವರು ಈಗ ಹಣ ಕೂಡಿಸಿ, ಗ್ಯಾಸಿನಿಂದ ಉರಿಯುವ ಸ್ಟೀಲ್ ಗ್ರಿಲ್ ಒಂದನ್ನು ಇಟ್ಟುಕೊಂಡಿದ್ದೇವೆ. ಕುರ್ಬಾನಿಯ ಮಾಂಸವನ್ನು ಪಾಲು ಮಾಡಿ ಬಂಧುಗಳಿಗೂ ಬಡವರಿಗೂ ತಲುಪಿಸುವುದರಲ್ಲಿ ನಾವು ಹಿಂದೆ ಬೀಳುವುದಿಲ್ಲ. ಆದರೆ ಎಲ್ಲರೂ ತಿಂದೆದ್ದ ಮೇಲೆ ಜಾಲರಿಯಲ್ಲಿ ಉಳಿಯುವ ಜಿಡ್ಡು ಯಾರ ಪಾಲು? ಬಹುತೇಕ ಮನೆಗಳಲ್ಲಿ ಅದು ಮುಂಜಾನೆಯಿಂದ ಮಸಾಲೆ ಅರೆದು ದಣಿದ ಅಮ್ಮಿಯ ಅಥವಾ ಭಾಬಿಯ ಪಾಲು.

ಪ್ರವಾದಿ ಮುಹಮ್ಮದ್(ಸ)ರವರು ಮನೆಯಲ್ಲಿರುವಾಗ ಮನೆಯವರ ಕೆಲಸಗಳಲ್ಲಿ ತೊಡಗಿರುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಈ ಮಾದರಿಯನ್ನು ನಾವು ಭಾಷಣದಲ್ಲಿ ಹೇಳುತ್ತೇವೆ. ಹಬ್ಬದ ರಾತ್ರಿ ಅಡುಗೆಮನೆಯ ಬಾಗಿಲಲ್ಲಿ ಅದು ನೆನಪಾಗಬೇಕು. ಆದ್ದರಿಂದ ನಮ್ಮ ನಾಲ್ಕು ಮನೆಗಳಲ್ಲಿ ಒಂದು ನಿಯಮವಿದೆ: ಗ್ರಿಲ್ಲನ್ನು ಬಳಸಿದ ಮನೆಯ ಗಂಡಸರೂ ಹುಡುಗರೂ ಅದೇ ರಾತ್ರಿ ಅದನ್ನು ತೊಳೆಯಬೇಕು.

ಕೆಲಸ ಕಠಿಣವಲ್ಲ, ಕ್ರಮ ತಿಳಿದಿರಬೇಕು ಅಷ್ಟೆ. ಕಬಾಬು ಇಳಿಸಿದ ಮೇಲೆ ಹತ್ತು ನಿಮಿಷ ಉರಿಯನ್ನು ಹಾಗೆಯೇ ಬಿಟ್ಟರೆ ಅಂಟಿದ ಮಾಂಸ ಕರಕಾಗಿ ಸಡಿಲಗೊಳ್ಳುತ್ತದೆ. ನಂತರ ರೆಗ್ಯುಲೇಟರ್ ಬಂದ್ ಮಾಡಿ, ಜಾಲರಿ ಉಗುರು ಬೆಚ್ಚಗಿರುವಾಗಲೇ ಮರದ ಪಟ್ಟಿಯಿಂದ ಕೆರೆಯಬೇಕು. ತಂತಿಯ ಬ್ರಷ್ ಬೇಡ. ಅದರ ಮುರಿದ ಎಳೆ ಮುಂದಿನ ಕಬಾಬಿಗೆ ಅಂಟಿಕೊಂಡು ಮಗುವಿನ ಗಂಟಲು ಸೇರಬಹುದು.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿಯೊಡನೆ ಸೇರಿ ಕಣ್ಣಿಗೆ ಕಾಣದ ತೆಳುಪದರವಾಗುತ್ತದೆ. ಲೋಹವನ್ನು ತುಕ್ಕಿನಿಂದ ಕಾಯುವುದು ಆ ಪದರವೇ. ಮಸಾಲೆಯ ಉಪ್ಪು ಹಾಗೆಯೇ ಉಳಿದರೆ, ಬ್ಲೀಚಿಂಗ್ ಪುಡಿ ತಾಗಿದರೆ ಆ ಪದರ ಒಡೆದು ಸಣ್ಣ ಕುಳಿಗಳು ಬೀಳುತ್ತವೆ. ಕಬ್ಬಿಣದ ನಾರಿನಿಂದ ಉಜ್ಜಿದರೆ ಅದರ ಕಣಗಳು ಮೇಲೆ ಕುಳಿತು ತುಕ್ಕಾಗುತ್ತವೆ. ಬಿಸಿನೀರು, ಪಾತ್ರೆ ತೊಳೆಯುವ ಸಾಬೂನು, ಮೆತ್ತನೆಯ ಬಟ್ಟೆ ಸಾಕು. ಉಕ್ಕಿನ ಮೇಲೆ ಕಾಣುವ ಗೆರೆಗಳ ದಿಕ್ಕಿನಲ್ಲೇ ಒರೆಸಬೇಕು. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಲಿಂಬೆರಸ ಹಚ್ಚಿ, ತೊಳೆದು, ಒಣಬಟ್ಟೆಯಿಂದ ಒರೆಸಿದರಾಯಿತು.

ನೀರಿನ ಬಗೆಗೂ ಎಚ್ಚರ ಬೇಕು. ಮಲಪ್ರಭೆಯ ನೀರನ್ನು ನಂಬಿರುವ ಈ ಅವಳಿನಗರದಲ್ಲಿ ನಳ ದಿನವೂ ಬರದ ಓಣಿಗಳು ಎಷ್ಟೋ ಇವೆ. ಒಂದು ಮುದ್ದ್, ಅಂದರೆ ಸುಮಾರು ಒಂದು ಬೊಗಸೆ ನೀರಿನಲ್ಲಿ ವುಝೂ ಮಾಡುತ್ತಿದ್ದ ಪ್ರವಾದಿ(ಸ)ರವರ ಅನುಯಾಯಿಗಳು ಜಾಲರಿಯ ಮೇಲೆ ಪೈಪು ಬಿಟ್ಟು ನಿಲ್ಲುವುದು ಸರಿಯಲ್ಲ. ಮೊದಲು ಹಳೆಯ ಕಾಗದದಿಂದ ಜಿಡ್ಡು ಒರೆಸಿದರೆ ಒಂದು ಬಕೆಟ್ ನೀರು ಸಾಕಾಗುತ್ತದೆ.

ಕೆಳಗಿನ ತಟ್ಟೆಯಲ್ಲಿ ಇಳಿದ ಕೊಬ್ಬನ್ನು ಮರೆಯಬಾರದು. ಮುಂದಿನ ಬಾರಿ ಬೆಂಕಿ ಹೊತ್ತಿಕೊಳ್ಳುವುದು ಅದಕ್ಕೇ. ಉರಿ ನೀಲಿಯಾಗಿರದೆ ಹಳದಿಯಾಗಿ ಮಸಿ ಹಿಡಿಸಿದರೆ ಬರ್ನರಿನ ರಂಧ್ರಗಳು ಕಟ್ಟಿರಬಹುದು. ಇಲಿ ಕಡಿಯುವ ರಬ್ಬರ್ ಕೊಳವೆಗೆ ಸಾಬೂನು ನೀರು ಸವರಿ, ಗುಳ್ಳೆ ಏಳುತ್ತದೆಯೇ ನೋಡಬೇಕು. ಮಳೆಗಾಲದಲ್ಲಿ ಪೂರ್ತಿ ಒಣಗಿಸಿಯೇ ಮುಚ್ಚಿಡಬೇಕು.

ನಾಲ್ವರ ಹಣದಿಂದ ಬಂದ ವಸ್ತು ಪ್ರತಿಯೊಬ್ಬರ ಕೈಯಲ್ಲೂ ಅಮಾನತ್ ಆಗಿರುತ್ತದೆ. ನಮ್ಮ ಅಜಾಗ್ರತೆಯಿಂದ ನೆರೆಮನೆಯ ಮಗುವಿನ ಕೈ ಸುಟ್ಟರೆ ಹಂಚಿದ ಮಾಂಸ ಆ ನೋವನ್ನು ತುಂಬಿಕೊಡಲಾರದು. ಪ್ರಿಯ ಓದುಗರೇ, ಮುಂದಿನ ಬಕ್ರೀದ್‌ಗೆ ಮಸಾಲೆಯ ಪಟ್ಟಿ ಬರೆಯುವಾಗ ಒಂದು ಸಾಲು ಸೇರಿಸಿ: ರಾತ್ರಿ ಯಾರು ತೊಳೆಯುವುದು? ಆ ಹೆಸರು ಅಮ್ಮಿಯದಾಗಿರದಿರಲಿ.