ಹಿಟ್ಟಿನ ಕೋಳಿಯೂ ಬರಿದಾದ ಹುಂಡಿಯೂ

ಒಂದು ಊರಿನ ಬಸದಿಯ ಹೊರಬಾಗಿಲ ಬಳಿಯಿದ್ದ ಹುಂಡಿಯ ಬೀಗವನ್ನು ರಾತ್ರಿ ಯಾರೋ ಮುರಿದರು. ಹಿಂದಿನ ದಿನವೇ ಎಣಿಕೆ ಮುಗಿದು ಹಣ ಬ್ಯಾಂಕು ಸೇರಿದ್ದರಿಂದ ಮುರಿದವನಿಗೆ ಒಂದು ಕಾಸೂ ದೊರೆಯಲಿಲ್ಲ. ಸಿಕ್ಕಿಬಿದ್ದವನು ಅದೇ ಊರಿನ ಯುವಕ. “ಏನೂ ಹೋಗಲಿಲ್ಲವಲ್ಲ, ಬಿಟ್ಟುಬಿಡೋಣ” ಎಂದರು ಆಡಳಿತ ಮಂಡಳಿಯ ಕೆಲವರು. “ದೇವದ್ರವ್ಯಕ್ಕೆ ಕೈಯಿಟ್ಟವನು ಕದ್ದವನೇ, ಪೂರ್ತಿ ಶಿಕ್ಷೆಯಾಗಲಿ” ಎಂದರು ಉಳಿದವರು. ಹಿರಿಯ ಧರ್ಮದರ್ಶಿಯೊಬ್ಬರು ಮಾತ್ರ ಸುಮ್ಮನಿದ್ದರು.

ಆ ಮೌನಕ್ಕೆ ಕಾರಣವಿತ್ತು. ಇಪ್ಪತ್ತರ ಹರೆಯದಲ್ಲಿ, ಗದ್ದೆಯ ಬದುವಿನ ಜಗಳದಲ್ಲಿ, ಅವರು ಒಡಹುಟ್ಟಿದ ಅಣ್ಣನ ಮೇಲೆ ಕತ್ತಿ ಬೀಸಿದ್ದರು. ಅಣ್ಣ ಕಾಲು ಜಾರಿ ಬಿದ್ದುದರಿಂದ ಏಟು ತಪ್ಪಿತು. ಮನೆಯವರು ಸಂಗತಿಯನ್ನು ಅಲ್ಲಿಗೇ ಮುಚ್ಚಿದರು. “ಏನೂ ಆಗಲಿಲ್ಲವಲ್ಲ” ಎಂಬ ಮಾತಿನ ಆಸರೆಯಲ್ಲೇ ಅವರು ಐವತ್ತು ವರ್ಷ ಬಾಳಿದ್ದರು.

ಕೈಗೂಡದ ಅಪರಾಧಕ್ಕೆ ಕೈಗೂಡಿದ ಅಪರಾಧದಷ್ಟೇ ಶಿಕ್ಷೆ ಸಲ್ಲಬೇಕೆ? ಜೈನ ಗ್ರಂಥಗಳಲ್ಲಿ ಈ ಪ್ರಶ್ನೆ ಹಳೆಯದು. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಅರಸನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಯೂ ಮಗನೂ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಇದೇ ಕಥೆಯನ್ನು 959ರಲ್ಲಿ ‘ಯಶಸ್ತಿಲಕ’ವಾಗಿ ಬರೆದ ಸೋಮದೇವಸೂರಿಯು ಮೀನುಗಾರ ಮತ್ತು ರೈತರ ದೃಷ್ಟಾಂತ ಕೊಡುತ್ತಾನೆ. ಕೊಲ್ಲುವ ಭಾವವುಳ್ಳವನು ಕೊಲ್ಲದಿದ್ದರೂ ಪಾಪಭಾಗಿ. ಆ ಭಾವವಿಲ್ಲದ ರೈತನ ಉಳುಮೆಯಲ್ಲಿ ಜೀವಹಾನಿಯಾದರೂ ಅವನು ಹಾಗಲ್ಲ.

ದೇಶದ ಕಾನೂನು ಭಾವವನ್ನು ಕಡೆಗಣಿಸುವುದಿಲ್ಲ. ಬರಿದಾದ ಜೇಬಿಗೆ ಕೈಹಾಕಿದವನೂ ಅಪರಾಧಿಯೇ ಎಂಬ ಉದಾಹರಣೆ 1860ರ ಭಾರತೀಯ ದಂಡಸಂಹಿತೆಯ 511ನೆಯ ಕಲಮಿನಲ್ಲಿಯೇ ಇತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ 62ನೆಯ ಕಲಮಿನಲ್ಲಿಯೂ ಇದೆ. ಆದರೆ ಶಿಕ್ಷೆಯ ಅಳತೆ ಬೇರೆ. ಪ್ರತ್ಯೇಕ ವಿಧಿಯಿಲ್ಲದ ಕಡೆ, ಪ್ರಯತ್ನಕ್ಕೆ ಗರಿಷ್ಠ ಸೆರೆವಾಸದ ಅರ್ಧದವರೆಗೆ ಮಾತ್ರ. ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ. ಗಾಯವಾಗದ ಕೊಲೆಯತ್ನಕ್ಕೆ ಹತ್ತು ವರ್ಷಗಳವರೆಗೆ.

ಈ ಅಂತರ ಅನ್ಯಾಯವೆಂದು ತೋರಬಹುದು. ಅಣ್ಣನ ಕಾಲು ಜಾರಿದ್ದರಲ್ಲಿ ತಮ್ಮನ ಸದ್ಗುಣವೇನೂ ಇರಲಿಲ್ಲವಷ್ಟೆ. ಆದರೆ ನ್ಯಾಯಾಧೀಶನು ಕೇವಲಜ್ಞಾನಿಯಲ್ಲ. ಪರರ ಪರಿಣಾಮವನ್ನು ಕೃತ್ಯದಿಂದ ಊಹಿಸಬಲ್ಲನೇ ಹೊರತು ಕಾಣಲಾರ. ನೊಂದವರ ನಷ್ಟವನ್ನೂ ಅವನು ತೂಗಬೇಕು: ಉಳಿದ ಜೀವವೂ ಅಳಿದ ಜೀವವೂ ಒಂದೇ ಅಲ್ಲ. ಇಟ್ಟ ಹೆಜ್ಜೆಗೂ ಮುಗಿದ ಕೃತ್ಯಕ್ಕೂ ಒಂದೇ ದಂಡವಾದರೆ, ನಡುವೆ ನಿಲ್ಲಲು ಒಂದು ಕಾರಣ ಕಡಿಮೆಯಾಗುತ್ತದೆ. ಆದ್ದರಿಂದ ರಾಜದಂಡಕ್ಕೆ ಆ ಸಂಯಮ ಉಚಿತ. ಆದರೆ ಆ ರಿಯಾಯಿತಿಯನ್ನು ಅಂತರಂಗಕ್ಕೂ ಅನ್ವಯಿಸಿಕೊಳ್ಳುವುದು ಆತ್ಮವಂಚನೆ. ಕರ್ಮಬಂಧಕ್ಕೆ ಕಷಾಯವೇ ಕಾರಣ; ಗುರಿ ತಪ್ಪಿದ ಮಾತ್ರಕ್ಕೆ ಕ್ರೋಧ ಅರ್ಧವಾಗುವುದಿಲ್ಲ.

ಕೊನೆಗೆ ಧರ್ಮದರ್ಶಿಗಳು ಬಾಯ್ದೆರೆದರು. “ನಡೆದದ್ದನ್ನು ನಡೆದಷ್ಟೇ ಬರೆದು ದೂರು ಕೊಡೋಣ. ಕದ್ದನೆಂದೂ ಬೇಡ, ಏನೂ ಮಾಡಲಿಲ್ಲವೆಂದೂ ಬೇಡ. ಅಳತೆ ನ್ಯಾಯಾಲಯದ್ದು. ಅವನ ಮನೆಯವರನ್ನು ಬಸದಿಯಿಂದ ದೂರ ಮಾಡುವುದು ಬೇಡ.” ಸಭೆ ಒಪ್ಪಿತು.

ಪ್ರತಿವರ್ಷ ಕ್ಷಮಾವಣಿಯಂದು ಅವರು ಎಲ್ಲರಲ್ಲಿ ಕೇಳುವಂತೆ ಅಣ್ಣನಲ್ಲಿಯೂ ಕ್ಷಮೆ ಕೇಳುತ್ತಿದ್ದರು. ಆ ಕತ್ತಿಯ ಮಾತೆತ್ತಿ ಒಮ್ಮೆಯೂ ಕೇಳಿರಲಿಲ್ಲ. ಆಲೋಚನೆಯಿಲ್ಲದ ಪ್ರತಿಕ್ರಮಣ ಅಪೂರ್ಣವೆಂದು ಇತರರಿಗೆ ಹೇಳುತ್ತ ಬಂದವರು ಅವರು. ಅಂದು ಸಂಜೆ, ಕ್ಷಮಾವಣಿಗೆ ಇನ್ನೂ ತಿಂಗಳುಗಳಿರುವಾಗಲೇ, ಅವರು ಅಣ್ಣನ ಮನೆಯ ಮೆಟ್ಟಿಲೇರಿದರು.